ಮೊಟಕಾದ ರಸ್ತೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ಅಷ್ಟೇ ಸಲ ಮುಚ್ಚಿಕೊಂಡೆ. ನಿವೃತ್ತಿಯಾದ ಮೇಲೆ ಹೇಳೋಣ ಎಂದುಕೊಂಡೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳೋಣ ಎಂದುಕೊಂಡೆ. ಕೇಳಬೇಕಾದವನೇ ಹೋದ ಮೇಲೆ, ಇನ್ನು ಯಾರಿಗೆ ಹೇಳುವುದು ಎಂಬ ನೆಪ ಸಿಕ್ಕಿತು — ಅದು ನೆಪ ಎಂದು ಆಗಲೇ ಗೊತ್ತಿತ್ತು. ಈಗ ಮುಂದೂಡಲು ಜಾಗವಿಲ್ಲ.

ಕೊಚ್ಚಿಯಲ್ಲಿ ನಡೆದ ನಮ್ಮ ಇಲಾಖೆಯ ಮ್ಯಾರಥಾನ್‌ನಲ್ಲಿ ಸ್ವಾಮಿ ಎರಡೂವರೆ ಗಂಟೆಯ ಒಳಗೆ ಗುರಿ ಮುಟ್ಟಿದನೆಂದು ಎಲ್ಲರೂ ನಂಬಿದ್ದಾರೆ. ಮುಟ್ಟಿರಲಿಲ್ಲ. ಅವನು ಓಡಿದ ರಸ್ತೆ ಎಂಟುನೂರು ಮೀಟರ್ ಕಡಿಮೆಯಿತ್ತು. ರಸ್ತೆ ಅಳೆದವನು ನಾನು. ಕಡಿಮೆ ಮಾಡಿದವನೂ ನಾನು. ಅವನಿಗೆ ಅದನ್ನು ಯಾರೂ ಹೇಳಲಿಲ್ಲ. ಆ ಸುಳ್ಳು ವೇಗವನ್ನು ತನ್ನದೆಂದುಕೊಂಡು ಅವನು ತಿರುವನಂತಪುರಕ್ಕೆ ಹೋದ. ಅಲ್ಲಿ —

ಮೊದಲಿನಿಂದ ಹೇಳಬೇಕು.

ನಾನು ತುಮಕೂರಿನ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿದೆ. ಕೊಚ್ಚಿಗೆ ವರ್ಗವಾಗಿ ಬಂದವನು ಇಲ್ಲೇ ಉಳಿದುಬಿಟ್ಟೆ. ಚಿಕ್ಕಂದಿನಲ್ಲಿ ನಾನೂ ಓಡುತ್ತಿದ್ದೆ. ಓಡುವ ಕಾಲ ಮುಗಿದ ಮೇಲೆ ಓಡಿಸುವವನಾದೆ — ಕಚೇರಿಯ ಸ್ಪೋರ್ಟ್ಸ್ ಕ್ಲಬ್ಬಿನ ಕಾರ್ಯದರ್ಶಿ. ಅಲ್ಲಿಗೆ ಬಂದ ಹುಡುಗರಲ್ಲಿ ಸ್ವಾಮಿ ಒಬ್ಬ. ಚಿತ್ರದುರ್ಗದ ಕಡೆಯವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನ ಪೂರ್ತಿ ಹೆಸರು ಇಲ್ಲಿನವರ ನಾಲಿಗೆಗೆ ಹೊರಳುತ್ತಿರಲಿಲ್ಲ; ಅದಕ್ಕೇ ಸ್ವಾಮಿ ಎಂದು ಮೊಟಕು ಮಾಡಿಕೊಂಡರು. ಕ್ಯಾಂಟೀನಿನಲ್ಲಿ ಜೋಸ್ ಎಂಬ ಸಹೋದ್ಯೋಗಿ ಅವನನ್ನು ಕಂಡಾಗಲೆಲ್ಲ, ಸ್ವಾಮಿಯ ಮಾಲೆ ಎಲ್ಲಿ, ಇರುಮುಡಿ ಎಲ್ಲಿ ಎಂದು ಕೇಳುತ್ತಿದ್ದ. "ಇರುಮುಡಿ ಇಲ್ಲದೇನೇ ಇಷ್ಟು ಸುಸ್ತಾಗತ್ತೆ ಚೇಟ್ಟಾ, ಅದನ್ನೂ ಹೊರಿಸಬೇಡಿ" ಎಂದು ಇವನು ನಗುತ್ತಿದ್ದ. ಕರ್ನಾಟಕದವರು ಓಡುವುದು ಬಸ್ಸು ಹಿಡಿಯುವುದಕ್ಕೆ ಮಾತ್ರ ಎಂಬುದು ಜೋಸ್‌ನ ಇನ್ನೊಂದು ಮಾತು. ಸ್ವಾಮಿ ಅದಕ್ಕೂ ನಕ್ಕು ಮರೆತುಬಿಡುತ್ತಿದ್ದ. ನಾನು ನಗುತ್ತಿದ್ದೆ, ಮರೆಯುತ್ತಿರಲಿಲ್ಲ.

ನಮ್ಮ ಇಲಾಖೆಯ ದಕ್ಷಿಣ ವಲಯದಲ್ಲಿ ಎರಡೂವರೆ ಗಂಟೆ ಎಂಬುದು ಯಾರೂ ದಾಟದ ಗೆರೆಯಾಗಿತ್ತು. ಸ್ವಾಮಿ ಅದರ ಈಚೆ, ಬಹಳ ಹತ್ತಿರದಲ್ಲಿ ನಿಂತಿದ್ದ. ಮೂರು ನಿಮಿಷ, ಕೆಲವೊಮ್ಮೆ ನಾಲ್ಕು. ಅವನಿಗೆ ಅವಸರವಿರಲಿಲ್ಲ. "ಬರತ್ತೆ ಸಾರ್. ಇನ್ನೆರಡು ವರ್ಷಕ್ಕೆ ತಾನೇ ಬರತ್ತೆ. ಈಗಲೇ ಎಳೆದರೆ ಮೈ ಕೇಳಲ್ಲ" ಎನ್ನುತ್ತಿದ್ದ. ಅವಸರವಿದ್ದದ್ದು ನನಗೆ. ನನ್ನ ಕಾರ್ಯದರ್ಶಿತನ ಆ ವರ್ಷಕ್ಕೆ ಮುಗಿಯುವುದರಲ್ಲಿತ್ತು. ನಾನು ಅಳೆದ ರಸ್ತೆಯಲ್ಲಿ, ನಾನು ನಡೆಸಿದ ಓಟದಲ್ಲಿ, ನಮ್ಮ ಕಡೆಯ ಹುಡುಗನೊಬ್ಬ ಆ ಗೆರೆ ದಾಟಬೇಕು — ಇಷ್ಟೇ ನನ್ನ ಆಸೆ. ಆಸೆ ಎಂದು ಬರೆದೆ. ಅದಕ್ಕೆ ಬೇರೆ ಹೆಸರಿರಬಹುದು.

ಓಟದ ರಸ್ತೆ ಅಳೆಯಲು ಒಂದು ಕ್ರಮವಿದೆ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಸಣ್ಣ ಯಂತ್ರ ಕಟ್ಟಿ, ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲೇ ತುಳಿಯಬೇಕು. ತಿರುವು ಬಂದರೆ ಒಳ ಅಂಚನ್ನೇ ಹಿಡಿಯಬೇಕು. ಅನುಮಾನ ಬಂದಲ್ಲಿ ರಸ್ತೆಯನ್ನು ಉದ್ದ ಮಾಡಬೇಕೇ ಹೊರತು ಕಡಿಮೆ ಮಾಡಬಾರದು. ತುಸು ಉದ್ದವಾದರೆ ಕ್ಷಮೆಯಿದೆ. ಒಂದು ಹೆಜ್ಜೆ ಕಡಿಮೆಯಾದರೂ ಆ ದಿನ ಓಡಿದವರ ಬೆವರೆಲ್ಲ ನೀರುಪಾಲು. ಈ ಪಾಠವನ್ನು ಹುಡುಗರನ್ನು ಕೂರಿಸಿಕೊಂಡು ಹೇಳುತ್ತಿದ್ದವನು ನಾನೇ.

ಕಲೂರಿನ ಕ್ರೀಡಾಂಗಣದಿಂದ ಹೊರಟು ಕಡವಂತ್ರ, ವೈಟಿಲ, ಪೇಟ್ಟ ದಾಟಿ, ತ್ರಿಪ್ಪುಣಿತ್ತುರದ ಅಂಚಿನಲ್ಲಿ ತಿರುಗಿ ವಾಪಸ್ಸು ಬರುವುದು; ಹೀಗೆ ಎರಡು ಸಲ. ಅದು ನಮ್ಮ ಓಟದ ದಾರಿ. ಮೆಟ್ರೊ ಕಂಬಗಳು ಇನ್ನೂ ಎದ್ದಿರದ ಕಾಲ. ಹಿಂದಿನ ವಾರವೇ ಸೈಕಲ್ ತುಳಿದು, ತಿರುಗುವ ಜಾಗಕ್ಕೆ ಬಿಳಿ ಬಣ್ಣದಲ್ಲಿ ಗುರುತು ಹಾಕಿ ಬಂದಿದ್ದೆ. ಓಟದ ದಿನ ಬೆಳಕು ಹರಿಯುವ ಹೊತ್ತಿಗೆ ಕೆಂಪು ಕೋನ್ ಇಡಲು ಸ್ಕೂಟರಿನಲ್ಲಿ ಹೋದರೆ ಗುರುತೇ ಕಾಣಲಿಲ್ಲ. ಅದರ ಮೇಲೆ ಒಂದು ರಾಜಕೀಯ ಪಕ್ಷದ ಸಮ್ಮೇಳನದ ವೇದಿಕೆ ಎದ್ದಿತ್ತು. ರಸ್ತೆಗೆ ಅಡ್ಡವಾಗಿ ಬಿದಿರು, ಹಲಗೆ, ಗುಡ್ಡೆ ಹಾಕಿದ ಕುರ್ಚಿಗಳು. ವೇದಿಕೆಯ ಮೇಲೆ ಮಲಗಿದ್ದವನನ್ನು ಎಬ್ಬಿಸಿ, ಓಟವಿದೆ, ಸ್ವಲ್ಪ ಸರಿಸಿಕೊಡಿ ಎಂದು ಬೇಡಿಕೊಂಡೆ. ಅವನು ಆಕಳಿಸಿ, ತಿರುಗುವುದು ನಿಮ್ಮ ಕೆಲಸ ಚೇಟ್ಟಾ, ವೇದಿಕೆ ತಿರುಗುವುದಿಲ್ಲ ಎಂದು ಮಲಯಾಳದಲ್ಲಿ ಹೇಳಿ ಮತ್ತೆ ಮಲಗಿದ.

ವೇದಿಕೆಯ ಈಚೆ, ರಸ್ತೆ ತೆರವಾಗಿದ್ದಲ್ಲಿ ಕೋನ್ ಇಟ್ಟೆ. ಇನ್ನೂರು ಮೀಟರ್ ಹಿಂದೆ. ಹೋಗುವಾಗ ಇನ್ನೂರು, ಬರುವಾಗ ಇನ್ನೂರು, ಹೀಗೆ ಎರಡು ಸಲ — ಎಂಟುನೂರು. ಇದರಲ್ಲಿ ತಪ್ಪಿರಲಿಲ್ಲ. ಇಲ್ಲಿಯವರೆಗೆ ತಪ್ಪಿರಲಿಲ್ಲ ಎಂದು ನಾನು ಇಂದಿಗೂ ಹೇಳಬಲ್ಲೆ. ಕ್ರೀಡಾಂಗಣದ ಸುತ್ತಲಿನ ಹೊರರಸ್ತೆ ಒಂದು ಸುತ್ತಿಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಅದನ್ನೂ ನಾನು ಹಿಂದೊಮ್ಮೆ ಅಳೆದಿದ್ದೆ. ಕೊನೆಯಲ್ಲಿ ಪ್ರತಿಯೊಬ್ಬನನ್ನೂ ಆ ಹೊರರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಆಮೇಲೆ ಗೇಟಿನ ಒಳಗೆ ಬಿಟ್ಟರೆ ಸರಿಹೋಗುತ್ತಿತ್ತು. ಗೇಟಿನಲ್ಲಿ ನಾನೇ ನಿಲ್ಲುವುದೆಂದು ತೀರ್ಮಾನಿಸಿದೆ. ಮುಖ್ಯ ತೀರ್ಪುಗಾರರಿಗೆ ತಿಳಿಸಬೇಕಿತ್ತು. ಅವರು ನಮ್ಮ ಕಚೇರಿಯ ಅಧಿಕಾರಿ, ಬಂದದ್ದೇ ಓಟ ಶುರುವಾದ ಮೇಲೆ. ನಾನೇ ನಿಂತಿರುತ್ತೇನಲ್ಲ, ಹೇಳುವುದೇನಿದೆ ಎಂದುಕೊಂಡೆ.

ಗೇಟಿನ ಹತ್ತಿರ ನಮ್ಮ ಕನ್ನಡದ ಮನೆಗಳವರು ಹತ್ತಿಪ್ಪತ್ತು ಮಂದಿ ಬಂದು ನಿಂತಿದ್ದರು — ಬ್ಯಾಂಕಿನವರು, ಬೇರೆ ಕಚೇರಿಗಳವರು, ಕ್ಯಾರಿಯರಿನಲ್ಲಿ ಚಿತ್ರಾನ್ನ ಕಟ್ಟಿಕೊಂಡು. ಸ್ವಾಮಿ ತಿರುವಿನಲ್ಲಿ ಕಾಣಿಸಿಕೊಂಡ. ಒಬ್ಬನೇ. ಹಿಂದೆ ಯಾರೂ ಇಲ್ಲ. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ನೋಡಿದೆ. ನೇರವಾಗಿ ಒಳಗೆ ಹೋದರೆ ಎರಡೂವರೆ ಗಂಟೆಯ ಒಳಗೆ. ಹೊರರಸ್ತೆ ಸುತ್ತಿದರೆ — ಇಲ್ಲ.

ಅಷ್ಟು ದೂರ ಓಡಿ ಬಂದವನಿಗೆ ಬುದ್ಧಿ ಕೆಲಸ ಮಾಡುವುದಿಲ್ಲ. ಕೈ ತೋರಿದ ಕಡೆ ಹೋಗುತ್ತಾನೆ. ಅವನು ನನ್ನ ಮುಖ ನೋಡಿದ. ನನ್ನ ಕೈ ಹೊರರಸ್ತೆಯ ಕಡೆಗೆ ಏಳಬೇಕಿತ್ತು.

"ಒಳಗೆ" ಎಂದೆ. "ಒಳಗೆ ಬಾ ಸ್ವಾಮಿ, ಒಳಗೆ."

ಅವನ ಹಿಂದೆ ಬಂದವರನ್ನೂ ಒಳಗೇ ಕಳುಹಿಸಿದೆ. ಇನ್ನೇನು ಮಾಡಲಿ. ಆ ಒಂದು ಕ್ಷಣದಲ್ಲಿ ಕೈ ತಪ್ಪಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಒಂದು ವಿಷಯ ನೆನಪಾಗುತ್ತದೆ — ಆ ಬೆಳಿಗ್ಗೆ ಹೊರರಸ್ತೆಯಲ್ಲಿ ನಾನು ಒಂದೇ ಒಂದು ಕೋನ್ ಕೂಡ ಇಟ್ಟಿರಲಿಲ್ಲ. ಸ್ಕೂಟರಿನ ಹಿಂದೆ ಕೋನ್‌ಗಳು ಇದ್ದವು. ಸಮಯವೂ ಇತ್ತು. ಇಡಲಿಲ್ಲ. ಹಾಗಾದರೆ ನಾನು ಯಾವಾಗ ತೀರ್ಮಾನಿಸಿದ್ದೆ?

ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಜೋಸ್ ಬಂದು ನನ್ನನ್ನು ತಬ್ಬಿಕೊಂಡು "ಸಮ್ಮತಿಚ್ಚು ಸಾರೇ" ಎಂದ. ಒಪ್ಪಿದೆ, ಸೋತೆ ಎಂದು. ಆ ಮಾತು ಕೇಳಿ ನನಗೆ ಸಂತೋಷವಾಯಿತು. ಸುಳ್ಳು ಹೇಳಬಾರದು, ಬಹಳ ಸಂತೋಷವಾಯಿತು.

ಸ್ವಾಮಿ ಮಾತ್ರ ಮೆಟ್ಟಿಲ ನೆರಳಿನಲ್ಲಿ ಬೂಟು ಬಿಚ್ಚಿಟ್ಟು ತನ್ನ ಕಾಲುಗಳನ್ನೇ ನೋಡುತ್ತ ಕೂತಿದ್ದ. ನಾನು ನೀರು ಕೊಟ್ಟೆ.

"ಸಾರ್, ರಸ್ತೆ ಸರಿಯಾಗಿತ್ತಾ?"

"ಯಾಕೋ?"

"ಕೊನೇಲಿ ಬರಬೇಕಾದಷ್ಟು ಸುಸ್ತು ಬರಲಿಲ್ಲ. ಇನ್ನೂ ಸ್ವಲ್ಪ ಓಟ ಕಾಲಲ್ಲೇ ಉಳ್ಕೊಂಡಂಗಿದೆ."

"ಅಳೆದವನು ನಾನು ಕಣೋ. ನಿನ್ನ ಕಾಲಿಗೇನು ಗೊತ್ತು?"

ಅವನು ತಲೆಯಾಡಿಸಿದ. ನನ್ನ ಮಾತಿನ ಮೇಲೆ ಅವನಿಗೆ ತನ್ನ ಕಾಲಿಗಿಂತ ಹೆಚ್ಚು ನಂಬಿಕೆಯಿತ್ತು.

ಆ ಓಟದ ಬಲದಿಂದ ಅವನು ವಲಯದ ತಂಡಕ್ಕೆ ಆಯ್ಕೆಯಾದ. ಕೆಲವು ತಿಂಗಳ ಮೇಲೆ ತಿರುವನಂತಪುರದಲ್ಲಿ ಇಲಾಖೆಯ ಅಖಿಲ ಭಾರತ ಕೂಟ. ಉತ್ತರದಿಂದ ಬಂದ ತಂಡದವರು, ಕೊಚ್ಚಿಯ ವೇಗ ಕೊಚ್ಚಿಯ ರಸ್ತೆಯದು, ಇಲ್ಲಿ ಓಡಿ ತೋರಿಸಲಿ ಎಂದು ಅವನಿಗೆ ಕೇಳಿಸುವಂತೆಯೇ ಆಡಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಬಂತು. ಅವರು ಹೇಳಿದ್ದು ನಿಜವೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿದ್ದರೂ ಸಿಟ್ಟು ಬಂತು. ಸ್ವಾಮಿಗೆ ಬರಲಿಲ್ಲ. ಬರುವಾಗ ರೈಲಿನಲ್ಲೇ ಅವನು ನನಗೆ ಹೇಳಿದ್ದ: "ಇದೊಂದು ಓಡಿಬಿಟ್ರೆ ಗೊತ್ತಾಗತ್ತೆ ಸಾರ್. ಆಮೇಲೆ ಕಾಲು ಸುಮ್ಮನಾಗತ್ತೆ."

ಆಗ ಹೇಳಬಹುದಿತ್ತು. ಕಿಟಕಿಯ ಹೊರಗೆ ಹಿನ್ನೀರು ಹಿಂದೆ ಸರಿಯುತ್ತಿತ್ತು, ಬೋಗಿಯಲ್ಲಿ ಯಾರೋ ಕಡಲೆ ಮಾರುತ್ತಿದ್ದ, ನಾವಿಬ್ಬರೇ ಎದುರುಬದುರು ಕೂತಿದ್ದೆವು. ಹೇಳಲಿಲ್ಲ. ಬದಲಿಗೆ ಪ್ರತಿ ಐದು ಕಿಲೋಮೀಟರನ್ನು ಎಷ್ಟು ಹೊತ್ತಿನಲ್ಲಿ ಮುಗಿಸಬೇಕೆಂದು ಲೆಕ್ಕ ಹಾಕಿಕೊಟ್ಟೆ. ಅವನ ಎಲ್ಲ ಓಟಗಳಿಗೂ ಆ ಲೆಕ್ಕ ನನ್ನದೇ. ಈ ಸಲ ಯಾವ ವೇಗ ಹಿಡಿದು ಲೆಕ್ಕ ಹಾಕಿದೆ ಎಂದು ಕೇಳಬೇಡಿ. ಕೊಚ್ಚಿಯದೇ ಹಿಡಿದು ಹಾಕಿದೆ. ಬೇರೆ ಹಿಡಿದಿದ್ದರೆ ಅವನು ಯಾಕೆ ಎಂದು ಕೇಳುತ್ತಿದ್ದ.

ಉದ್ಘಾಟನೆಗೆ ಬರಬೇಕಾದ ಅತಿಥಿ ತಡವಾಗಿ ಬಂದರು. ಬೆಳಗಿನ ತಂಪಿನಲ್ಲಿ ಶುರುವಾಗಬೇಕಿದ್ದ ಓಟ ಬಿಸಿಲಿಗೆ ಬಿತ್ತು. ಗಾಳಿ ಇರಲಿಲ್ಲ. ಕಡಲ ಕಡೆಯಿಂದ ಬರುವ ಹಬೆಯಂಥ ಸೆಕೆ; ಸುಮ್ಮನೆ ನಿಂತವನ ಅಂಗಿಯೂ ಬೆನ್ನಿಗೆ ಅಂಟಿತ್ತು. ಚಾಲೈ ಪೇಟೆಯ ಬಾಯಲ್ಲಿ ನೀರು ಕೊಡುವ ಮೇಜು ನನ್ನ ಪಾಲಿಗೆ ಬಂದಿತ್ತು. ಹಿಂದೆ ಬಾಳೆಗೊನೆಗಳ ಮಂಡಿ, ಒಣಮೆಣಸಿನ ಘಾಟು. ಓಟಗಾರರು ಆ ಮೇಜನ್ನು ಮೂರು ಸಲ ಹಾದು ಹೋಗುತ್ತಿದ್ದರು. ಮೊದಲ ಸಲ ಸ್ವಾಮಿ ನನ್ನ ಲೆಕ್ಕದಂತೆಯೇ ಬಂದ. ಎರಡನೆಯ ಸಲವೂ ಹಾಗೇ ಬಂದ, ಆದರೆ ಅವನ ಭುಜಗಳು ಮೇಲೆದ್ದಿದ್ದವು. ಮೂರನೆಯ ಸಲ ಬಂದಾಗ ಅವನ ಮೈ ಒಣಗಿತ್ತು.

ಓಡುವವರನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು. ಅಂಥ ಸೆಕೆಯಲ್ಲಿ ಬೆವರು ನಿಂತಿತೆಂದರೆ ಓಟ ನಿಲ್ಲಿಸಬೇಕು, ಹಿಡಿದು ಕೂರಿಸಬೇಕು, ತಲೆಯ ಮೇಲೆ ನೀರು ಸುರಿಯಬೇಕು. ನನಗೆ ಗೊತ್ತಿತ್ತು. ಅವನು ಮೇಜಿನ ಅಂಚು ಹಿಡಿದು ನಿಂತ. ತುಟಿಯ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು.

"ಸಾರ್, ಕಾಲು ಕೇಳ್ತಿಲ್ಲ. ಅವತ್ತು ಹಿಂಗಿರಲಿಲ್ಲ."

ಅವತ್ತು ರಸ್ತೆಯೇ ಕಡಿಮೆಯಿತ್ತು, ಕೂತುಕೋ — ಇಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಪಕ್ಕದಲ್ಲಿ ತಂಡದ ಇಬ್ಬರು ನಿಂತಿದ್ದರು, ಕೇಳಿಸಿಕೊಳ್ಳುತ್ತಿದ್ದರು.

"ಅವತ್ತು ಮಾಡಿದೀಯ. ಇವತ್ತೂ ಆಗತ್ತೆ. ಹೋಗು" ಎಂದೆ.

ಹೋದ. ನಾನು ಹೋಗು ಎಂದೆ, ಅವನು ಹೋದ. ನಾನು ನೋಡುತ್ತಿದ್ದಂತೆಯೇ ಅವನ ಓಟ ರಸ್ತೆಯ ನಡುವಿನಿಂದ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ, ಆಮೇಲೆ ಯಾರೋ ಕರೆದರೆಂಬಂತೆ ಒಂದು ಅಂಗಡಿಯ ಕಡೆ ತಿರುಗಿ ಮುಖ ಕೆಳಗಾಗಿ ಬಿದ್ದ. ಮಂಡಿಯ ಹಮಾಲರು ನನಗಿಂತ ಮೊದಲು ಓಡಿದರು. ಬಾಳೆಗೊನೆ ಸಾಗಿಸುವ ಕೈಗಾಡಿಯನ್ನು ಬರಿದು ಮಾಡಿ ಅವನನ್ನು ಮಲಗಿಸಿ, ಕೂಗುತ್ತ ದಾರಿ ಬಿಡಿಸಿಕೊಂಡು ತಳ್ಳಿದರು. ನಾನು ಗಾಡಿಯ ಪಕ್ಕದಲ್ಲಿ ಅವನ ಕೈ ಹಿಡಿದು ಓಡಿದೆ. ಕೈ ಸುಡುತ್ತಿತ್ತು. ಅವನು ಏನೋ ಹೇಳುತ್ತಿದ್ದ. ಐದು ಕಿಲೋಮೀಟರಿನ ನನ್ನ ಲೆಕ್ಕಗಳನ್ನು, ಒಂದಾದ ಮೇಲೊಂದು.

ಬದುಕಿದ. ಮೈಯ ಕಾವಿಗೆ ಮಾಂಸಖಂಡಗಳೇ ಒಡೆದು ರಕ್ತದಲ್ಲಿ ಸೇರಿ ಮೂತ್ರಪಿಂಡಗಳನ್ನು ಕೆಡಿಸಿವೆ ಎಂದು ವೈದ್ಯರು ತಿಳಿಸಿ ಹೇಳಿದರು. ವಾರಗಟ್ಟಲೆ ಆಸ್ಪತ್ರೆ. ಆಮೇಲೆ ಮೇಜಿನ ಮುಂದಿನ ಕೆಲಸ, ಉಪ್ಪಿಲ್ಲದ ಊಟ, ಕೆಲವು ವರ್ಷ ಕಳೆದ ಮೇಲೆ ಡಯಾಲಿಸಿಸ್. ಮತ್ತೆ ಅವನು ಓಡಲಿಲ್ಲ. ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದ. ಗೋಡೆಯ ಮೇಲೆ ಕಲೂರಿನ ಫೋಟೊ — ಜನರ ಹೆಗಲ ಮೇಲೆ ಅವನು, ಕೆಳಗೆ ಮೂಲೆಯಲ್ಲಿ ಸ್ಟಾಪ್‌ವಾಚ್ ಹಿಡಿದ ನಾನು. ನೋಡಲು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ. ಏನೇ ಆಗಲಿ, ಒಂದು ಸಲವಾದರೂ ಗೆರೆ ದಾಟಿದೆನಲ್ಲ ಎನ್ನುತ್ತಿದ್ದ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ, ಆ ಫೋಟೊಗೆ ಬೆನ್ನು ಮಾಡಿ ಕೂರುತ್ತಿದ್ದೆ. ಉಳಿದಿರುವುದು ಅದೊಂದೇ, ಅದನ್ನೂ ಹೇಗೆ ಕಿತ್ತುಕೊಳ್ಳಲಿ ಎಂದು ಸುಮ್ಮನಿದ್ದೆ. ಇದಕ್ಕೆ ದಯೆ ಎಂದು ಹೆಸರಿಟ್ಟುಕೊಂಡೆ. ಅಂಜಿಕೆಗೆ ಅದು ಒಳ್ಳೆಯ ಹೊದಿಕೆಯಾಯಿತು.

ಅವನು ಹೋಗುವ ಕೆಲವು ದಿನ ಮೊದಲು ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದೆ. ಯಂತ್ರ ಗುರುಗುಡುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಕೇಳಿದ:

"ಈಗಲಾದ್ರೂ ಹೇಳಿ ಸಾರ್. ಅವತ್ತು ರಸ್ತೆ —"

"ಸರಿಯಾಗಿತ್ತು ಕಣೋ."

ಅವನು ಕಣ್ಣು ತೆರೆದು ನನ್ನನ್ನು ನೋಡಿದ. "ಸರಿ ಬಿಡಿ" ಎಂದ. ಆಮೇಲೆ, "ನಿಮ್ಮದು ಊಟ ಆಯ್ತಾ?"

ಈಗಲಾದ್ರೂ ಎಂದ. ಗೊತ್ತಿಲ್ಲದವನು ಆ ಮಾತು ಆಡುವುದಿಲ್ಲ. ಎಷ್ಟು ವರ್ಷದಿಂದ ಗೊತ್ತಿತ್ತೋ — ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದನೋ — ಅಥವಾ ಇದೂ ನಾನು ನೆಮ್ಮದಿಗಾಗಿ ಕಟ್ಟಿಕೊಂಡದ್ದೋ.

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ಯಾಕೆ ತೆಗೆಯುತ್ತಿದ್ದೇನೆ ಎಂದರೆ, ಅವನ ಮಗಳು ರಶ್ಮಿ ಹೋದ ತಿಂಗಳು ಮನೆಗೆ ಬಂದಿದ್ದಳು. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಮಲಯಾಳಕ್ಕೆ ಜಾರುತ್ತದೆ. ಅವಳೂ ಓಡುತ್ತಾಳೆ, ವೇಗಕ್ಕಲ್ಲ, ಆರೋಗ್ಯಕ್ಕೆ. ಅವಳ ಓಟದ ಬಳಗದವರು ಅಪ್ಪನ ಹೆಸರಿನಲ್ಲಿ ವರ್ಷಕ್ಕೊಂದು ಬಹುಮಾನ ಇಡುತ್ತಾರಂತೆ: ಅವನ ವೇಗವನ್ನು ಮುರಿದವರಿಗೆ. ಈಗಿನ ಬೂಟುಗಳ ಅಡಿಯಲ್ಲಿ ಚಿಮ್ಮಿಸುವ ಪಟ್ಟಿ ಇರುತ್ತದಂತೆ. ದೂರದ ದೇಶದಲ್ಲಿ ಒಬ್ಬನು, ಸುತ್ತ ಗಾಳಿ ತಡೆಯುವ ಓಟಗಾರರು ಸರದಿಯಂತೆ ಬದಲಾಗುತ್ತಿರಲು, ಎರಡು ಗಂಟೆಯ ಒಳಗೇ ಮ್ಯಾರಥಾನ್ ಮುಗಿಸಿದನಂತೆ, ಅದನ್ನು ದಾಖಲೆಯೆಂದು ಲೆಕ್ಕಕ್ಕೆ ಹಿಡಿಯಲಿಲ್ಲವಂತೆ. ಹುಡುಗರು ಯಾವುದು ಅಸಲಿ, ಯಾವುದು ನಕಲಿ ಎಂದು ಜಗಳವಾಡುತ್ತಾರಂತೆ.

"ಅಪ್ಪಂದು ಮಾತ್ರ ಒರಿಜಿನಲ್ ಅಂಕಲ್. ಬರೀ ಕ್ಯಾನ್ವಾಸ್ ಶೂ" ಎಂದಳು. "ಕೋರ್ಸ್ ಅಳೆದದ್ದು ನೀವಲ್ವಾ, ಬಹುಮಾನದ ದಿನ ಸ್ಟೇಜ್ ಮೇಲೆ ಒಂದು ಮಾತು ಹೇಳಿ ಸಾಕು."

ಆ ದೂರದ ಓಟಗಾರನ ಬಗ್ಗೆ ಅವಳು ಹೇಳುತ್ತಿದ್ದಾಗ ನನಗೆ ಅನ್ನಿಸಿದ್ದು ಒಂದೇ. ಅವರು ಏನು ಮಾಡುತ್ತೇವೆಂದು ಮೊದಲೇ ಹೇಳಿ, ಎಲ್ಲರ ಕಣ್ಣೆದುರು ಮಾಡಿದರು. ಲೆಕ್ಕಕ್ಕೆ ಬೇಡವೆಂದರೆ ಬೇಡ, ಅದರಲ್ಲಿ ಮೋಸವಿಲ್ಲ. ಮೋಸವಿದ್ದದ್ದು ಕಲೂರಿನ ಗೇಟಿನಲ್ಲಿ, ಕ್ಯಾನ್ವಾಸ್ ಬೂಟು ಹಾಕಿದ ಪ್ರಾಮಾಣಿಕನೊಬ್ಬನಿಗೆ ಕೈ ತೋರಿಸಿದವನಲ್ಲಿ.

ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. ಬಳಗದಲ್ಲಿ ಒಬ್ಬನಿದ್ದಾನಂತೆ, ಕಾಕ್ಕನಾಡಿನ ಕಡೆಯವನು, ಅಪ್ಪನ ವೇಗವನ್ನು ಮುರಿದೇ ತೀರುತ್ತೇನೆ ಎನ್ನುತ್ತಾನಂತೆ. ಇನ್ನೂ ಎರಡು ಮೂರು ನಿಮಿಷ ಹಿಂದಿದ್ದಾನೆ. ಅದಕ್ಕೇ ಮಧ್ಯಾಹ್ನದ ಬಿಸಿಲಿನಲ್ಲೂ ಓಡುತ್ತಾನಂತೆ.

ನನಗೆ ಚಾಲೈಯ ಆ ಕೈಗಾಡಿ ನೆನಪಾಯಿತು. ಎರಡು ಮೂರು ನಿಮಿಷ ಎಂದರೆ ಏನೆಂದು ನನಗೆ ಗೊತ್ತು. ಅದು ಎಂಟುನೂರು ಮೀಟರ್. ಇರದ ಒಂದು ರಸ್ತೆಯ ಜೊತೆ ಆ ಹುಡುಗ ಪಂದ್ಯ ಕಟ್ಟಿದ್ದಾನೆ.

ಅವತ್ತು ಅವಳಿಗೆ, ನೋಡೋಣ ಎಂದು ಹೇಳಿ ಕಳುಹಿಸಿದೆ. ನಾಳೆ ತ್ರಿಪ್ಪುಣಿತ್ತುರಕ್ಕೆ, ಅವಳ ಮನೆಗೆ ಹೋಗುತ್ತೇನೆ. ಕಲೂರಿನಲ್ಲಿ ಮೆಟ್ರೊ ಹತ್ತಿದರೆ ಆ ಓಟದ ದಾರಿ ಬಹುಪಾಲು ಕಾಲ ಕೆಳಗೇ ಸಾಗುತ್ತದೆ. ಪೇಟ್ಟ ದಾಟುತ್ತಿದ್ದಂತೆ ನಾನು ಯಾವಾಗಲೂ ಕಿಟಕಿಯಿಂದ ಮುಖ ತಿರುಗಿಸುತ್ತೇನೆ. ನಾಳೆ ತಿರುಗಿಸುವುದಿಲ್ಲ. ಮೊದಲು ರಶ್ಮಿಗೆ ಹೇಳುತ್ತೇನೆ, ಆಮೇಲೆ ಅವಳ ಬಳಗಕ್ಕೆ, ಆ ಹುಡುಗನಿಗೆ ನಾನೇ ಎದುರು ನಿಂತು. ಹಾಗಾದರೆ ಅಪ್ಪನ ನಿಜವಾದ ವೇಗ ಎಷ್ಟು ಎಂದು ಅವಳು ಕೇಳುತ್ತಾಳೆ. ಎರಡೂವರೆ ಗಂಟೆಯ ಮೇಲೆ ಒಂದೆರಡು ನಿಮಿಷ ಇರಬಹುದು. ಅಷ್ಟಾದರೂ ಆ ದಿನ ಅವನೇ ಎಲ್ಲರಿಗಿಂತ ಮುಂದಿದ್ದ, ನನ್ನ ಕೈ ಅವನಿಗೆ ಬೇಕಿರಲಿಲ್ಲ. ಆದರೆ ಆ ಎಂಟುನೂರು ಮೀಟರನ್ನು ಅವನು ಎಷ್ಟು ಹೊತ್ತಿನಲ್ಲಿ ಓಡುತ್ತಿದ್ದನೋ ಯಾರ ಗಡಿಯಾರದಲ್ಲೂ ಇಲ್ಲ. ನಾನು ಓಡಲು ಬಿಡಲಿಲ್ಲ. ಕಾಲಲ್ಲಿ ಉಳಿದುಕೊಂಡಿದೆ ಎಂದನಲ್ಲ, ಅದು ಹಾಗೇ ಉಳಿದುಹೋಯಿತು.

ಅವಳು ಬಾಗಿಲು ಹಾಕಿಕೊಂಡರೂ ಸರಿ. ಕ್ಷಮೆಯನ್ನು ಅವಳ ಬಳಿ ಕೇಳುವುದಿಲ್ಲ; ಅದು ಅವಳು ಕೊಡಬೇಕಾದದ್ದಲ್ಲ. ಕೊಡಬೇಕಾದವನು ಮೂರು ಸಲ ಕೈ ಚಾಚಿದ — ಕಲೂರಿನ ಮೆಟ್ಟಿಲ ಮೇಲೆ, ಚಾಲೈಯ ಮೇಜಿನ ಮುಂದೆ, ಆಸ್ಪತ್ರೆಯ ಹಾಸಿಗೆಯಲ್ಲಿ. ನಾನು ಕೇಳಲಿಲ್ಲ.

ಇಲ್ಲಿನವರು ಅವನ ಹೆಸರನ್ನು ಮೊಟಕು ಮಾಡಿದ್ದರು. ಈ ಬರಹದ ಉದ್ದಕ್ಕೂ ನಾನೂ ಹಾಗೆಯೇ ಕರೆದೆ. ಅದನ್ನಾದರೂ ಪೂರ್ತಿ ಬರೆಯುತ್ತೇನೆ.

ತಿಪ್ಪೇಸ್ವಾಮಿ. ಚಳ್ಳಕೆರೆಯ ಓಬಣ್ಣನವರ ಮಗ, ತಿಪ್ಪೇಸ್ವಾಮಿ.